ಅರಗು ಕೇಳಿಸಿಕೊಂಡಿದ್ದು

ನಮ್ಮ ಲೂರ್ದುಪಾಳ್ಯದಲ್ಲಿ ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚೆ ಯಾರು ಪಾಪನಿವೇದನೆ ಮಾಡಿದ್ದಾರೆ, ಯಾರು ತಪ್ಪಿಸಿಕೊಂಡು ಓಡಾಡುತ್ತಿದ್ದಾರೆ ಎಂದು ತಿಳಿಯಲು ದೇವರೇ ಬೇಕಾಗಿರಲಿಲ್ಲ. ಮೊಣಕೈ ನೋಡಿದರೆ ಸಾಕಾಗಿತ್ತು. ಮಾಡಿದವರ ಮೊಣಕೈಗೆ ಕಂದು ಬಣ್ಣದ ಕಲೆ ಅಂಟಿರುತ್ತಿತ್ತು. ಆ ಕಲೆಗೆ ನಮ್ಮಪ್ಪನೇ ಕಾರಣ.

ಅಪ್ಪ ಇನ್ನಾಸಪ್ಪ ಬೊಂಬೆ ಕೆಲಸದವನು. ಚನ್ನಪಟ್ಟಣದ ಆಚೆಗಿರುವ ನಮ್ಮೂರಲ್ಲಿ ಆಗ ಅರ್ಧಕ್ಕರ್ಧ ಮನೆಗಳಲ್ಲಿ ಬೊಂಬೆ ಕಡೆಯುವ ಲೇತು ತಿರುಗುತ್ತಿತ್ತು. ಬೀದಿಗೆ ಕಾಲಿಟ್ಟರೆ ಬಿಸಿ ಅರಗಿನ ವಾಸನೆ. ನನಗೆ ಇವತ್ತಿಗೂ ಬಾಲ್ಯ ಅಂದರೆ ಆ ವಾಸನೆಯೇ. ವರ್ಷಕ್ಕೊಮ್ಮೆ, ಹಬ್ಬದ ಹಿಂದಿನ ಗರಿಗಳ ಭಾನುವಾರ ಮುಗಿದ ಮೇಲೆ, ಅಪ್ಪ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಡಬ್ಬಿ ಹಿಡಿದುಕೊಂಡು ಚರ್ಚಿಗೆ ಹೋಗಿ ಪಾಪನಿವೇದನೆಯ ಪೆಟ್ಟಿಗೆಗೆ ಪಾಲಿಷ್ ಹೊಡೆಯುತ್ತಿದ್ದ. ನಾನು ಹುಟ್ಟುವ ಮುಂಚೆ ಅವನ ಮಂಡಿ ಮುರಿದಿತ್ತಂತೆ. ಅದು ವಾಸಿಯಾದರೆ ಈ ಸೇವೆ ಮಾಡುತ್ತೇನೆಂದು ಹೊತ್ತ ಹರಕೆ ಅದು. ಮಂಡಿ ಪೂರ್ತಿ ವಾಸಿಯಾಗಲಿಲ್ಲ, ಆದರೂ ಹರಕೆ ಬಿಡಲಿಲ್ಲ.

ಪೆಟ್ಟಿಗೆ ಎಂದರೆ ಬೀರುವಿನಷ್ಟು ಎತ್ತರದ ತೇಗದ ಗೂಡು. ಒಳಗೆ ಒಂದು ಕಡೆ ಪಾದ್ರಿಗಳು ಕೂರುವ ಜಾಗ, ಇನ್ನೊಂದು ಕಡೆ ನಾವು ಮಂಡಿಯೂರುವ ಜಾಗ, ನಡುವೆ ಸಣ್ಣ ಸಣ್ಣ ತೂತಿನ ಹಲಗೆ. ಮಾಡಿದ ಪಾಪವನ್ನೆಲ್ಲ ಆ ಹಲಗೆಯ ಹತ್ತಿರ ಬಾಯಿಟ್ಟು ಪಿಸುಗುಡಬೇಕು. ಅವರು ದೇವರ ಹೆಸರಲ್ಲಿ ಕ್ಷಮೆ ಕೊಟ್ಟು ಕಳಿಸುತ್ತಾರೆ. ಕೇಳಿದ್ದನ್ನು ತಲೆ ಹೋದರೂ ಯಾರಿಗೂ ಹೇಳುವಂತಿಲ್ಲ. ಅದಕ್ಕೆ ಮುದ್ರೆ ಎನ್ನುತ್ತಾರೆ.

ಪಾಲಿಷ್ ಹೊಡೆಯುವುದೇನೋ ಸರಿ, ಒಣಗಲು ಪುರುಸೊತ್ತು ಬೇಡವೇ? ಪಾಸ್ಕದ ಹಿಂದಿನ ವಾರ ಊರಿಗೆ ಊರೇ ಆ ಪೆಟ್ಟಿಗೆಯ ಮುಂದೆ ಸಾಲು ನಿಲ್ಲುತ್ತಿತ್ತು. ನಿಂತು ನಿಂತು ಬೇಸರವಾಗಿ ಎಲ್ಲರೂ ಪೆಟ್ಟಿಗೆಯ ಹೊರಗಿನ ಹಲಗೆಗೆ ಮೊಣಕೈ ಊರುತ್ತಿದ್ದರು. ಬಿಳಿ ಅಂಗಿ, ರೇಷ್ಮೆ ಕುಪ್ಪಸ, ಎಲ್ಲದಕ್ಕೂ ಕಲೆ. ಸಂತಿಯಾಗು ಸ್ವಾಮಿಗಳು (ನಮ್ಮ ಕಡೆ ಪಾದ್ರಿಗಳನ್ನು ಸ್ವಾಮಿಗಳು ಎಂದೇ ಕರೆಯುವುದು) ಪ್ರತಿವರ್ಷ ಗೋಗರೆಯುತ್ತಿದ್ದರು.

"ಇನ್ನಾಸಪ್ಪ, ಮುಂದಿನ ವರ್ಷವಾದ್ರೂ ಒಂದ್ ತಿಂಗಳು ಮೊದಲೇ ಹೊಡಿಯಯ್ಯಾ."

"ಆಗ ಹೊಡುದ್ರೆ ಹಬ್ಬದೊತ್ಗೆ ಹೊಳಪು ಹೊಂಟೋಯ್ತದೆ ಸ್ವಾಮ್ಯೋರೆ," ಎನ್ನುತ್ತಿದ್ದ ಅಪ್ಪ. ಮುಂದಿನ ವರ್ಷವೂ ಅದೇ ವಾರ, ಅದೇ ಡಬ್ಬಿ.

ಇಡೀ ರಾಜ್ಯದಲ್ಲಿ ಇನ್ನೆಲ್ಲೂ ಯಾರೂ ಹೀಗೆ ಮಾಡುತ್ತಿರಲಿಲ್ಲ ಎಂದು ಕಾಣುತ್ತದೆ. ಹಸಿ ಅರಗಿನ ಮುಂದೆ ಊರಿನ ಪಾಪವನ್ನೆಲ್ಲ ಒಪ್ಪಿಸಿದವರು ನಾವು ಮಾತ್ರ.

*

ಅರಗಿಗೆ ಕಿವಿಯಿದೆ ಎಂದು ಕಂಡುಹಿಡಿದವಳು ನಾನೇ. ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಕುಮುದಿನಿ. ಮೈಸೂರಿನ ನಮ್ಮ ಪ್ರಯೋಗಾಲಯದಲ್ಲಿ ನಾವು ಹುಡುಕುತ್ತಿದ್ದುದೇ ಬೇರೆ. ಹಳೆಯ ಮರದ ಸಾಮಾನಿನ ಮೇಲಿನ ಲೇಪ ಯಾಕೆ ಬಿರುಕು ಬಿಡುತ್ತದೆ ಎಂಬುದು ನಮ್ಮ ಪ್ರಶ್ನೆಯಾಗಿತ್ತು. ಅರಗಿನ ಪದರವನ್ನು ಬೆಳಕಿನ ಸೂಜಿಯಿಂದ ಒಂದೊಂದೇ ಮಟ್ಟದಲ್ಲಿ ಇಣುಕಿ ನೋಡುವ ಯಂತ್ರ ಮಾಡಿಕೊಂಡಿದ್ದೆವು. ನೋಡಿದರೆ ಒಳಗೆಲ್ಲ ಸಣ್ಣ ಸಣ್ಣ ಅಲೆಗಳು.

ಸಂಗತಿ ಇಷ್ಟೇ. ಕಾಯಿಸಿದ ಹಾಲು ಮೇಲಿನಿಂದ ಕೆನೆಗಟ್ಟುವ ಹಾಗೆ ಅರಗು ಕೂಡ ಮೇಲಿನಿಂದ ಕೆಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಗಟ್ಟಿಯಾಗುವ ಆ ಗಡಿಗೆರೆಯ ಮೇಲೆ ಹತ್ತಿರದಲ್ಲಿ ಆಡಿದ ಮಾತಿನ ನಡುಕ ಬಿದ್ದರೆ ಅದು ಅಲ್ಲೇ ಹೆಪ್ಪುಗಟ್ಟುತ್ತದೆ. ಮುಂದಿನ ಮಾತು ಅದರ ಕೆಳಗೆ. ಹೀಗೆ ಆಳವೇ ಕಾಲ. ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋದರೆ ಒಣಗುವಷ್ಟು ಹೊತ್ತು ಆ ಜಾಗದಲ್ಲಿ ನಡೆದ ಮಾತುಕತೆ ಕೇಳಿಸುತ್ತದೆ. ಬೊಂಬೆಗೆ ಹಚ್ಚುವ ಬಿಸಿ ಅರಗು ಚಿಟಿಕೆ ಹೊಡೆಯುವುದರೊಳಗೆ ಒಣಗುತ್ತದೆ, ಅದರಲ್ಲಿ ಒಂದು ಮಾತು ಸಿಕ್ಕರೆ ಪುಣ್ಯ. ಸ್ಪಿರಿಟ್ಟಿನಲ್ಲಿ ಕರಗಿಸಿ ದಪ್ಪಗೆ ಬಳಿದ ಪಾಲಿಷ್ ಮಾತ್ರ ದಿನಗಟ್ಟಲೆ ಕೇಳಿಸಿಕೊಳ್ಳುತ್ತದೆ.

ನಾವು ಮೊದಲು ಓದಿದ್ದು ಒಂದು ಹಳೆಯ ಗಿಲಕಿಯನ್ನು. ಗರಗರ ಲೇತಿನ ಸದ್ದು. ಅದರ ನಡುವೆ ಯಾರೋ ಸತ್ತು ಎಷ್ಟೋ ಕಾಲವಾಗಿರಬಹುದಾದ ಗಂಡಸಿನ ಧ್ವನಿ: "ಟೀ ಆರೋಯ್ತು ಕಣೋ!"

ಕುಮುದಿನಿ ಗಳಗಳ ಅತ್ತುಬಿಟ್ಟಳು. ನಾನು ಅಳಲಿಲ್ಲ. ಆ ಟೀಯನ್ನು ಕುಡಿದರೋ ಇಲ್ಲವೋ ಎಂದು ನಾಲ್ಕು ದಿನ ಯೋಚಿಸಿದೆ.

ಯಂತ್ರಕ್ಕೆ ನಾವಿಟ್ಟ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಉಸಿರು ನಿಲ್ಲುತ್ತಿತ್ತು. ಪತ್ರಿಕೆಯವರು ಅರಗುಗಿವಿ ಎಂದರು. ಅದೇ ನಿಂತಿತು. ಆಮೇಲೆ ನೋಡಬೇಕಿತ್ತು ಜನರ ಅವತಾರ! ಅಟ್ಟದ ಮೇಲಿನ ತೊಟ್ಟಿಲು, ಮುರಿದ ಹಾರ್ಮೋನಿಯಂ, ಅಜ್ಜನ ಆರಾಮಕುರ್ಚಿ, ಎಲ್ಲವೂ ಆಟೋದಲ್ಲಿ ಬಂದಿಳಿಯತೊಡಗಿದವು. ಒಬ್ಬ ಮುದುಕಿ ತೊಟ್ಟಿಲಿನ ಅಂಚಿನಿಂದ ತನ್ನತ್ತೆಯ ಜೋಗುಳ ಕೇಳಿ, "ನನ್ನ ಮುಂದೆ ಒಂದಿನಾನೂ ಇಷ್ಟು ಮೆತ್ತಗೆ ಮಾತಾಡಿರಲಿಲ್ಲವಲ್ಲೇ ತಾಯಿ," ಎಂದು ಕಣ್ಣೊರೆಸಿಕೊಂಡಳು. ಅಣ್ಣತಮ್ಮಂದಿರು ಆಸ್ತಿ ಜಗಳಕ್ಕೆ ಅಪ್ಪನ ಕುರ್ಚಿಯ ಕೈಯನ್ನು ಕೋರ್ಟಿಗೆ ಹೊತ್ತೊಯ್ದರು. ಮದುವೆ ಮಂಚ ಇದ್ದವರು ಮಾತ್ರ ಸದ್ದಿಲ್ಲದೆ ಪೇಂಟ್ ಅಂಗಡಿಗೆ ಹೋಗಿ ಉಪ್ಪುಕಾಗದ ತಂದು ಉಜ್ಜತೊಡಗಿದರು.

ಇದೆಲ್ಲದರ ನಡುವೆ ನಮ್ಮ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಕಚೇರಿಯಿಂದ ಎಲ್ಲ ಚರ್ಚುಗಳಿಗೂ ಒಂದು ಸೂಚನೆ ಹೋಯಿತು. ಮರದ ಪಾಪನಿವೇದನೆ ಪೆಟ್ಟಿಗೆಗಳ ಒಳಗಿನ ಲೇಪವನ್ನೆಲ್ಲ ಗರಿಗಳ ಭಾನುವಾರದೊಳಗೆ ತೆಗೆದುಹಾಕಬೇಕು ಎಂದು.

ಸುದ್ದಿ ಬಂದಾಗ ಅಪ್ಪ ಅಕ್ಕಿರೊಟ್ಟಿ ತಿನ್ನುತ್ತಿದ್ದ. ಅವನು ಮೈಸೂರಿನಲ್ಲಿ ನನ್ನ ಜೊತೆಗೇ ಇರುವುದು. ಟಿವಿಯವರು ಯಾವುದೋ ಊರಿನ ಪೆಟ್ಟಿಗೆ ತೋರಿಸಿದರು. ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು.

"ಕೂಸೇ, ನಮ್ಮೂರಿನ್ದು?"

"ಏನಪ್ಪಾ?"

"ನಾನು ಬಳೀತಿದ್ನಲ್ಲ, ಅದೂವೇ ಕೇಳಿಸ್ಕಂಡಿರ್ತದಾ?"

ಇಷ್ಟು ದಿನ ನನಗೆ ಅದು ಹೊಳೆದಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಹೊಳೆದಿತ್ತು. ಅಪ್ಪನಿಗೆ ಹೊಳೆಯದಿರಲಿ ಎಂದು ಸುಮ್ಮನಿದ್ದೆ.

"ಕೇಳಿಸಿಕೊಂಡಿರುತ್ತೆ," ಅಂದೆ.

"ಅವಳು ಹೇಳಿದ್ದೂವೇ?"

ಅವಳು ಎಂದರೆ ಅವ್ವ, ಫಿಲೋಮಿನ.

*

ಅವ್ವ ಹೋದಾಗ ನಾನು ಮೂರನೇ ಕ್ಲಾಸು. ಮುಖ ನೆನಪಿದೆ, ಯಾಕೆಂದರೆ ಒಂದು ಫೋಟೋ ಇದೆ. ಧ್ವನಿ ನೆನಪಿಲ್ಲ. ಅವಳು ನನ್ನನ್ನು ಬೈದ ಮಾತುಗಳೆಲ್ಲ ಒಂದೂ ಬಿಡದೆ ನೆನಪಿವೆ, ಆದರೆ ತಲೆಯೊಳಗೆ ಅವು ನನ್ನದೇ ಧ್ವನಿಯಲ್ಲಿ ಕೇಳುತ್ತವೆ. ಅದಕ್ಕಿಂತ ಸಂಕಟ ಇನ್ನೊಂದಿಲ್ಲ. ಇಡೀ ಲೋಕದ ಸತ್ತವರ ಧ್ವನಿ ಎಬ್ಬಿಸುವ ಯಂತ್ರ ಮಾಡಿದವಳು ನಾನು, ನನ್ನವ್ವನ ಒಂದು ಮಾತೂ ನನ್ನ ಹತ್ತಿರವಿರಲಿಲ್ಲ.

ಆ ವರ್ಷ ಅಪ್ಪ ಅವ್ವನ ಜೊತೆ ಮಾತು ಬಿಟ್ಟಿದ್ದ. ನನ್ನನ್ನು ಮೈಸೂರಿನ ಕಾನ್ವೆಂಟಿನಲ್ಲಿ ಹಾಸ್ಟೆಲಿಗೆ ಹಾಕಬೇಕು ಎಂದು ಅವ್ವ. ಹೆಣ್ಣು ಕೂಸು ಊರಲ್ಲೇ ಇರಲಿ ಎಂದು ಅಪ್ಪ. ಅವ್ವ ಅವನಿಗೆ ಹೇಳದೆಯೇ ಸಂತಿಯಾಗು ಸ್ವಾಮಿಗಳ ಹತ್ತಿರ ಹೋಗಿ ಸೀಟು ಗೊತ್ತುಮಾಡಿಕೊಂಡು ಬಂದಳು. ಆಗ ಶುರುವಾಗಿದ್ದು ತಪಸ್ಸು ಕಾಲ, ಪಾಸ್ಕಕ್ಕೆ ಮುಂಚಿನ ಉಪವಾಸದ ದಿನಗಳು. ಊರಿನವರು ಮಾಂಸ ಬಿಟ್ಟರು, ಬೀಡಿ ಬಿಟ್ಟರು. ನಮ್ಮಪ್ಪ ಹೆಂಡತಿ ಜೊತೆ ಮಾತು ಬಿಟ್ಟ. ಹಬ್ಬದ ದಿನ ಪೂಜೆ ಮುಗಿಸಿ ಬಂದು ಮಾತಾಡಿಸುವುದೆಂದು ಮನಸ್ಸಿನಲ್ಲೇ ಅಂದುಕೊಂಡಿದ್ದನಂತೆ. ಹಬ್ಬಕ್ಕೆ ಮುಂಚಿನ ದಿನ ಅವ್ವನಿಗೆ ಜ್ವರ ನೆತ್ತಿಗೇರಿತು. ಹಬ್ಬದ ದಿನ ಅವಳಿಗೆ ಎಚ್ಚರವಿರಲಿಲ್ಲ. ಎಚ್ಚರ ಮತ್ತೆ ಬರಲೇ ಇಲ್ಲ.

ಅದಾದ ಮೇಲೆ ನನ್ನನ್ನು ಹಾಸ್ಟೆಲಿಗೆ ಕರೆತಂದು ಬಿಟ್ಟವನೂ ಅಪ್ಪನೇ. ಪೆಟ್ಟಿಗೆಗೆ ಮಾತ್ರ ಮತ್ತೆ ಪಾಲಿಷ್ ಹೊಡೆಯಲಿಲ್ಲ. ಹಾಗಾಗಿ ಆ ಪೆಟ್ಟಿಗೆಯ ಎಲ್ಲಕ್ಕಿಂತ ಮೇಲಿನ ಪದರ ಅವ್ವನ ಕೊನೆಯ ಪಾಸ್ಕ ವಾರದ್ದು. ಅದರೊಳಗೆ ಅವಳ ಕೊನೆಯ ಪಾಪನಿವೇದನೆ ಇತ್ತು.

"ನನ್ ಮ್ಯಾಲೆ ಕೋಪ ಮಡಿಕ್ಕಂಡೇ ಹೋದ್ಲಾ ಅಂತ," ಅಪ್ಪ ರೊಟ್ಟಿಯನ್ನು ನೋಡಿಕೊಂಡು ಹೇಳಿದ. "ಅದೊಂದು ಗೊತ್ತಾಗ್ಬೇಕು ಕನವ್ವ. ಕೋಪ ಇದ್ರೆ ಅವಳು ಅಲ್ಲಿ ಹೇಳಿಯೇ ಇರ್ತಾಳೆ. ಸುಳ್ಳು ಹೇಳೋಳಲ್ಲ."

ಇಷ್ಟು ವರ್ಷ ಈ ಮನುಷ್ಯ ಇದನ್ನು ಎದೆಯಲ್ಲಿಟ್ಟುಕೊಂಡು ನನ್ನ ಜೊತೆ ಕೂತು ಊಟ ಮಾಡಿದ್ದಾನೆ! ನನಗೆ ಕೋಪ ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದವು.

ಪ್ರಯೋಗಾಲಯದಲ್ಲಿ ಕುಮುದಿನಿಗೆ ಹೇಳಿದೆ. ಅವಳದು ಕಡ್ಡಿ ಮುರಿದಂಥ ಮಾತು.

"ಕೆರೆಯೋಕೆ ಮುಂಚೆ ಓದಿಕೊಂಡು ಬಾ. ನಿಮ್ಮಮ್ಮ, ನಿನ್ನ ಯಂತ್ರ. ಯಾರಪ್ಪಂದೇನು ಹೋಗುತ್ತೆ?"

"ಅದು ಪಾಪನಿವೇದನೆ ಕಣೆ. ಮುದ್ರೆ ಇದೆ."

"ಮುದ್ರೆ ಪಾದ್ರಿಗೆ ತಾನೇ? ಅರಗಿಗೆ ಯಾರು ಪ್ರಮಾಣ ಮಾಡಿಸಿದ್ದಾರೆ?"

ಚಿಕ್ಕ ಯಂತ್ರವನ್ನೂ ಅಪ್ಪನನ್ನೂ ಕಾರಿಗೆ ಹತ್ತಿಸಿಕೊಂಡೆ.

*

ಊರಲ್ಲಿ ಹೊಸ ಚರ್ಚು ಎದ್ದಿದೆ. ಹಳೆಯದು ಈಗ ಮಕ್ಕಳಿಗೆ ಧರ್ಮಪಾಠ ಹೇಳುವ ಜ್ಞಾನೋಪದೇಶದ ತರಗತಿ, ಚಾಪೆ, ಬೆಂಚು ಇಡುವ ಜಾಗ. ಪೆಟ್ಟಿಗೆ ಅಲ್ಲೇ ಮೂಲೆಯಲ್ಲಿತ್ತು. ಅದರ ಪಕ್ಕ ಕುರ್ಚಿ ಹಾಕಿಕೊಂಡು ಸಂತಿಯಾಗು ಸ್ವಾಮಿಗಳು ಕೂತಿದ್ದರು. ಅವರು ನಿವೃತ್ತರಾಗಿ ಪಾದ್ರಿಮನೆಯ ಹಿಂದಿನ ಕೋಣೆಯಲ್ಲೇ ಉಳಿದುಕೊಂಡಿದ್ದಾರೆ. ಲೇಪ ತೆಗೆಯುವ ಕೆಲಸ ತಾವೇ ನಿಂತು ಮಾಡಿಸುತ್ತೇನೆಂದು ಹಟ ಹಿಡಿದು, ಅಪ್ಪನಿಗೆ ಹೇಳಿ ಕಳಿಸಿದ್ದರು. ಬಳಿದವನೇ ಬಂದು ತೆಗೆಯಲಿ ಎಂದು. ಕಣ್ಣು ಮಂಜಾಗಿದೆ, ನಾಲಿಗೆ ಮಾತ್ರ ಹಾಗೇ ಇದೆ.

"ಬಾಮ್ಮಾ ಜಸಿಂತಾ. ಊರಿನ ಗುಟ್ಟೆಲ್ಲ ರಟ್ಟು ಮಾಡೋಕೆ ಕಿವಿ ತಂದೆಯಾ?"

ನಾನು ವಿಜ್ಞಾನಕ್ಕೆ ಬಿದ್ದದ್ದೇ ಈ ಮನುಷ್ಯನಿಂದ. ಊರಿನ ಶಾಲೆಯಲ್ಲಿ ವಾರದ ದಿನಗಳಲ್ಲಿ ವಿಜ್ಞಾನ ಹೇಳುತ್ತಿದ್ದವರೂ ಇವರೇ, ಭಾನುವಾರ ಜ್ಞಾನೋಪದೇಶ ಹೇಳುತ್ತಿದ್ದವರೂ ಇವರೇ. ಅದೇ ಕೋಣೆ, ಅದೇ ಕಪ್ಪು ಹಲಗೆ. ಶುಕ್ರವಾರ ಬರೆದ ಗ್ರಹಗಳ ಚಿತ್ರವನ್ನು ಒರೆಸದೆ ಅದರ ಪಕ್ಕದಲ್ಲೇ ಭಾನುವಾರ ಹತ್ತು ಕಟ್ಟಳೆ ಬರೆಯುತ್ತಿದ್ದರು. ಹಾಸ್ಟೆಲಿಗೆ ಹೊರಟ ದಿನ ನನ್ನ ಕೈಗೆ ಒಂದು ಭೂತಗನ್ನಡಿ ಕೊಟ್ಟು, "ದೇವರನ್ನ ಇದರಲ್ಲಿ ಹುಡುಕಬೇಡ, ಸಿಗಲ್ಲ. ಅವನು ಮಾಡಿದ್ದನ್ನ ನೋಡು, ಸಾಕು," ಎಂದಿದ್ದರು.

ಅಪ್ಪ ಅವರ ಕೈ ಹಿಡಿದು ಮುತ್ತಿಟ್ಟು ಪಕ್ಕದ ಬೆಂಚಿನ ಮೇಲೆ ಕೂತ. ನಾನು ಬಂದ ವಿಷಯ ಹೇಳಿದೆ. ಎಲ್ಲರದ್ದೂ ಬೇಡ, ನನ್ನವ್ವನದಷ್ಟೇ ಸಾಕು ಎಂದೆ.

"ಆಗಲ್ಲ," ಅಂದರು.

"ಸ್ವಾಮಿ, ನೀವೇ ಪಾಠ ಹೇಳಿದ್ದಲ್ಲವಾ? ಜಗತ್ತಲ್ಲಿ ಯಾವುದೂ ಇಲ್ಲದೆ ಹೋಗಲ್ಲ, ರೂಪ ಬದಲಾಗುತ್ತೆ ಅಷ್ಟೇ ಅಂತ. ಅವ್ವನ ಮಾತು ಇಲ್ಲಿದೆ. ಇದೆ! ಅದನ್ನ ಇಲ್ಲ ಅಂತ ಹೇಗೆ ಅನ್ನಲಿ?"

"ಅದು ಶುಕ್ರವಾರದ ಪಾಠ. ಭಾನುವಾರ ಏನು ಹೇಳಿದ್ದೆ?"

ಬಾಯಿಪಾಠ ಮಾಡಿಸಿದ್ದು ಎಲ್ಲಿ ಹೋಗುತ್ತದೆ? "ಕ್ಷಮಿಸಿದ್ದನ್ನ ದೇವರು ಮತ್ತೆ ನೆನೆಯಲ್ಲ," ಅಂದೆ.

"ಹ್ಞಾಂ. ಎಲ್ಲ ತಿಳಿದವನು ಬೇಕು ಅಂತಲೇ ಮರೆತುಬಿಡ್ತಾನೆ. ಅದು ಅವನಿಂದ ಮಾತ್ರ ಆಗೋದು. ನಿನ್ನ ಯಂತ್ರಕ್ಕೆ ಮರೆಯೋಕೆ ಬರಲ್ಲ. ಅದರ ತಪ್ಪಲ್ಲ, ಬಿಡು. ಆದರೆ ದೇವರೇ ಕಿವಿ ಮುಚ್ಚಿಕೊಂಡ ಕಡೆ ನಾವು ಕಿವಿ ಇಡೋದಾ?"

"ಹಾಗಾದರೆ ಎರಡು ಪಾಠದಲ್ಲಿ ಯಾವುದು ನಿಜ?"

"ಎರಡೂ ಒಂದೇ ಹಲಗೆ ಮೇಲೆ ಬರೆದಿದ್ದೆನಲ್ಲ," ಎಂದರು ಸ್ವಾಮಿಗಳು. "ಒಂದನ್ನ ಒರೆಸಿ ಇನ್ನೊಂದನ್ನ ಬರೆಯಲಿಲ್ಲ."

ಈ ಉತ್ತರಕ್ಕೆ ನನಗೆ ರೇಗಿತು. ಅವರು ಯಾವಾಗಲೂ ಹೀಗೆಯೇ.

ಬೆಂಚಿನ ಮೇಲಿದ್ದ ಅಪ್ಪ ಬಾಯಿಬಿಟ್ಟ. "ಸ್ವಾಮ್ಯೋರೆ, ಅವತ್ತು ಒಳಗೆ ಕೇಳಿದೋರು ನೀವೇ ಅಲ್ವಾ? ನಿಮಗೆ ಗೆಪ್ತಿ ಇದ್ದದಾ?"

ಸ್ವಾಮಿಗಳು ಅಪ್ಪನ ಕಡೆಗೆ ಮುಖ ಮಾಡಿದರು.

"ಇನ್ನಾಸಪ್ಪ, ನೆನಪಿದ್ದರೂ ನಾನು ಇಲ್ಲ ಅಂತೀನಿ, ಮರೆತಿದ್ದರೂ ಇಲ್ಲ ಅಂತೀನಿ. ನನ್ನ ಕೇಳಬೇಡಪ್ಪ." ಕೋಲಿಗೆ ಕೈ ಹಾಕಿದರು. "ನಿಮ್ಮನ್ನ ಕಿವಿ ಹಿಡಿದು ಆಚೆ ಕಳಿಸೋಕೆ ನನ್ನ ಕೈಲಿ ಶಕ್ತಿ ಇಲ್ಲ. ಪೆಟ್ಟಿಗೆ ಇಲ್ಲೇ ಇದೆ, ಯಂತ್ರ ಇಲ್ಲೇ ಇದೆ. ನೀವೇ ನೋಡಿಕೊಳ್ಳಿ. ನಾನು ಆಚೆ ಜಗಲಿ ಮೇಲೆ ಕೂತಿರ್ತೀನಿ."

ಕೋಲು ಊರಿಕೊಂಡು ಎದ್ದು ಹೋದರು.

*

ಮೊದಲು ಪೆಟ್ಟಿಗೆಯ ಹೊರಗಿನ ಹಲಗೆಯ ಮೇಲೆ ಯಂತ್ರ ಹಿಡಿದು ನೋಡಿದೆ. ಪದರ ಸರಿಯಾಗಿದೆಯೇ ಎಂದು ಪರೀಕ್ಷಿಸಲು. ಬರೀ ಗರಗರ. ಹಸಿ ಅರಗಿನ ಮೇಲೆ ಊರಿನ ಮೊಣಕೈಗಳೆಲ್ಲ ಉಜ್ಜಿ ಉಜ್ಜಿ ಅಲ್ಲಿ ಏನೂ ಉಳಿದಿರಲಿಲ್ಲ. ಒಳಗಿನ ತೂತಿನ ಹಲಗೆಯ ಹತ್ತಿರ ಹಿಡಿದೆ. ತೆರೆಯ ಮೇಲೆ ಅಲೆಗಳು ಒಂದರ ಕೆಳಗೊಂದು ಸಾಲುಸಾಲಾಗಿ ಬಂದು ನಿಂತವು. ಅಷ್ಟು ಸ್ವಚ್ಛವಾದ ಪದರವನ್ನು ನಾನು ಎಲ್ಲೂ ನೋಡಿರಲಿಲ್ಲ.

ಧ್ವನಿ ಇನ್ನೂ ಹಾಕಿರಲಿಲ್ಲ. ತೆರೆ ನೋಡಿಯೇ ಹೇಳಬಲ್ಲೆ, ಇದು ಗಂಡಸಿನ ಪಿಸುಮಾತು, ಇದು ಹೆಂಗಸಿನದು. ಒಂದೊಂದಾಗಿ ದಾಟುತ್ತಾ ಹೋದರೆ ಎಲ್ಲೋ ಒಂದು ಕಡೆ ಅವ್ವ.

"ಅಪ್ಪಾ, ಸಿಗುತ್ತೆ," ಅಂದೆ. "ನೀನು ಹ್ಞೂಂ ಅನ್ನು. ನೀನೊಬ್ಬನೇ ಕೇಳು. ನಾನು ಆಚೆ ಹೋಗ್ತೀನಿ."

ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು ಅವನ ಕೈಗಿಟ್ಟೆ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಪೆಟ್ಟಿಗೆಯೊಳಗೆ ಇಣುಕಿದ. ಮಂಡಿಯೂರುವ ಹಲಗೆ ನಡುವಲ್ಲಿ ಸವೆದು ಎರಡು ಗುಳಿ ಬಿದ್ದಿತ್ತು. ಅದನ್ನೇ ನೋಡುತ್ತಾ ನಿಂತ.

"ಕೂಸೇ, ಅವಳು ಹೇಳ್ಬುಟ್ಟು ಎದ್ದು ಹೋದ್ಲಲ್ವಾ?"

"ಹೌದಪ್ಪಾ."

"ಸ್ವಾಮ್ಯೋರು ಕ್ಸಮಿಸ್ಬುಟ್ಟು ಕಳಿಸಿದ್ರು."

"ಹೌದು."

"ಈಗ ನಾನು ಇದನ್ನ ಕಿವಿಗಿಟ್ಕಂಡ್ರೆ ಅವಳು ಮತ್ತೆ ಬಂದು ಇಲ್ಲಿ ಮಂಡಿ ಊರ್ಬೇಕಾಯ್ತದೆ. ನನ್ ಮುಂದೆ." ಅಪ್ಪ ತಲೆಯಾಡಿಸಿದ. "ನನ್ ಮುಂದೆ ಯಾಕ್ ಊರ್ಬೇಕು ಅವಳು? ಊರ್ಬೇಕಾದೋನು ನಾನು."

ಹೆಡ್‌ಫೋನನ್ನು ಬೆಂಚಿನ ಮೇಲಿಟ್ಟು ಚೀಲದಿಂದ ಸ್ಪಿರಿಟ್ ಬಾಟಲಿ ತೆಗೆದ. ಹಳೆಯ ಪಂಚೆಯ ತುಂಡಿಗೆ ಸುರುವಿಕೊಂಡ.

"ಅಪ್ಪಾ, ನಿಲ್ಲು!" ನಾನು ಕಿರುಚಿದೆ. ಅವನಿಗೆ ಬೇಕಾಗಿದ್ದುದು ಉತ್ತರ. ನನಗೆ ಉತ್ತರ ಗಿತ್ತರ ಏನೂ ಬೇಡವಾಗಿತ್ತು. ಅವ್ವನ ಧ್ವನಿ ಬೇಕಾಗಿತ್ತು. ಯಾವ ಪಾಪವನ್ನಾದರೂ ಹೇಳಿಕೊಳ್ಳಲಿ, ಅವಳ ಧ್ವನಿ ಒಂದು ಸಲ ನನ್ನ ಕಿವಿಗೆ ಬಿದ್ದರೆ ಸಾಕಾಗಿತ್ತು. "ಇನ್ನೆಲ್ಲೂ ಇಲ್ಲಪ್ಪಾ ಅವ್ವ. ಇದು ಹೋದರೆ ಮುಗೀತು."

ಅಪ್ಪ ನನ್ನ ಮುಖ ನೋಡಿದ. ಕಣ್ಣು ತುಂಬಿತ್ತು, ಕೈ ಮಾತ್ರ ಗಟ್ಟಿಯಾಗಿತ್ತು. "ಗೊತ್ತು ಮಗಾ," ಅಂದ. ಹೇಳಿ, ಬಟ್ಟೆಯನ್ನು ತೂತಿನ ಹಲಗೆಯ ಮೇಲಿಟ್ಟು ದುಂಡಗೆ ಉಜ್ಜತೊಡಗಿದ. ಬಳಿಯುವಾಗಲೂ ಹೀಗೆಯೇ ದುಂಡಗೆ ಕೈ ಆಡಿಸುತ್ತಿದ್ದ.

ತೆರೆಯ ಮೇಲೆ ಅಲೆಗಳು ಕಲಸಿಕೊಂಡು ಮಸುಕಾದವು. ಅರಗಿನ ವಾಸನೆ ಎದ್ದು ಆ ಹಳೆಯ ಕೋಣೆಯೆಲ್ಲ ತುಂಬಿತು. ಆ ವಾಸನೆಗೆ ನಮ್ಮ ಮನೆಯ ಹಜಾರ, ಲೇತಿನ ಹಗ್ಗ, ಮರದ ಪುಡಿಯಲ್ಲಿ ಕೂತು ಕಾಗುಣಿತ ತಿದ್ದುವ ನಾನು, ಒಲೆಯ ಮುಂದಿನ ಅವ್ವನ ಬೆನ್ನು, ಎಲ್ಲವೂ ಕಣ್ಣಮುಂದೆ ಬಂದವು. ಅವಳು ತಿರುಗಿ ಏನೋ ಹೇಳುತ್ತಾಳೆ. ಬಾಯಿ ಆಡುತ್ತದೆ. ಕೇಳುವುದಿಲ್ಲ.

ಎಷ್ಟು ಹೊತ್ತೆಂದು ಹಾಗೇ ನಿಂತಿರಲಿ? ಇನ್ನೊಂದು ಬಟ್ಟೆ ತೆಗೆದುಕೊಂಡು ನಾನೂ ಉಜ್ಜಿದೆ. ಉಜ್ಜುತ್ತಾ ಅಪ್ಪನನ್ನು ಬೈದೆ, ಸ್ವಾಮಿಗಳನ್ನು ಬೈದೆ, ದೇವರನ್ನೂ ಬಿಡಲಿಲ್ಲ. ಒಳಗಿನ ಹಲಗೆಗಳೆಲ್ಲ ಬೋಳಾಗಿ ತೇಗದ ಎಳೆ ಕಾಣಿಸಿತು. ಊರಿನವರ ಅಷ್ಟು ವರ್ಷಗಳ ಪಾಪವೆಲ್ಲ ಕಂದು ನೀರಾಗಿ ಎರಡು ಬಟ್ಟೆಯಲ್ಲಿ ಬಂತು.

*

ಬಾಗಿಲಲ್ಲಿ ಕೋಲಿನ ಸದ್ದಾಯಿತು. ಸ್ವಾಮಿಗಳು ಮೂಗಿನಿಂದಲೇ ಏನಾಯಿತೆಂದು ತಿಳಿದುಕೊಂಡಿದ್ದರು. ಒಳಗೆ ಬಂದು ಕೈ ಚಾಚಿ ತೂತಿನ ಹಲಗೆ ಮುಟ್ಟಿ ನೋಡಿದರು. ಬೆರಳು ಒದ್ದೆಯಾಯಿತು. ಅಪ್ಪನ ಭುಜದ ಮೇಲೆ ಕೈಯಿಟ್ಟರು.

ಆಮೇಲೆ ನನ್ನ ಕಡೆ ತಿರುಗಿದರು. "ಹೊರಗಿನ ಹಲಗೆ?"

"ಅದರಲ್ಲಿ ಏನೂ ಇಲ್ಲ ಸ್ವಾಮಿ. ಮೊಣಕೈ ಉಜ್ಜಿ ಹಾಳಾಗಿದೆ. ಅದನ್ನೂ ಕೆರೆದುಬಿಡ್ತೀನಿ."

"ಅದನ್ನ ಕೆರೆಯೋಕೆ ಯಾರು ಹೇಳಿದರು? ಮುದ್ರೆ ಇರೋದು ಒಳಗೆ ಹೇಳಿದ್ದಕ್ಕೆ. ಹೊರಗೆ ಸಾಲಲ್ಲಿ ನಿಂತು ಹರಟಿದ್ದಕ್ಕೆ ಯಾವ ಮುದ್ರೆ? ಒಳಗಿಂದ ನಾನೇ ಎಷ್ಟು ಸಲ ಗದರಿದ್ದೀನಿ." ತುಸು ತಡೆದರು. "ಮೊಣಕೈ ತಾಗಿದ್ದು ಮೇಲೆ. ಕೆಳಗೆ ನೋಡಿದೆಯಾ? ಆಗ ನೀನು ಎಷ್ಟುದ್ದ ಇದ್ದೆ?"

ನಾನು ನೆಲದ ಮೇಲೆ ಕೂತೆ. ನನ್ನ ಮೂರನೇ ಕ್ಲಾಸಿನ ಎತ್ತರಕ್ಕೆ ಯಂತ್ರ ಹಿಡಿದೆ. ಅಲ್ಲಿ ಪದರ ಕನ್ನಡಿಯ ಹಾಗೆ ನುಣ್ಣಗಿತ್ತು. ಅಷ್ಟು ಓದಿದ ನನಗೆ ಬಗ್ಗಿ ನೋಡಬೇಕೆಂದು ಹೊಳೆದಿರಲಿಲ್ಲ, ನೋಡಿ. ಈ ಸಲ ಹೆಡ್‌ಫೋನ್ ಹಾಕಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಧ್ವನಿ ಬಿಟ್ಟೆ.

ಕೆಮ್ಮು. ಚಪ್ಪಲಿ ಸದ್ದು. ಯಾರೋ ಹುಣಸೆಹಣ್ಣಿನ ದರದ ಮಾತಾಡುತ್ತಿದ್ದಾರೆ. ಇದ್ದಕ್ಕಿದ್ದಂತೆ ಹಲಗೆಯ ಆಚೆಯಿಂದ ಗಡಸು ಧ್ವನಿ: "ಯಾರದು ಗಲಾಟೆ? ಇದೇನು ಸಂತೆಯಾ?"

"ಅಯ್ಯೋ, ನಾನು!" ಎಂದು ಸ್ವಾಮಿಗಳು ಮಗುವಿನ ಹಾಗೆ ನಕ್ಕರು.

ಪದರದಲ್ಲಿ ಇನ್ನಷ್ಟು ಆಳಕ್ಕಿಳಿದೆ. ಬಹಳ ಹೊತ್ತು ಯಾರ್ಯಾರದೋ ಮಾತು. ಆಮೇಲೆ ಯಂತ್ರದ ತೀರ ಹತ್ತಿರದಿಂದ ಒಂದು ಕೀಚಲು ಧ್ವನಿ.

"ಅವ್ವಾ, ನಾನೂ ಒಳಕ್ ಬರ್ಲಾ?"

ಅದು ನಾನು.

"ನಿನ್ದೆಂತ ಪಾಪ? ಬೆಲ್ಲ ಕದ್ದುದ್ದಾ? ಸುಮ್ಕೆ ನಿಂತ್ಕ. ಹಲ್ಗೆ ಒರಗ್ಬ್ಯಾಡ, ನಿಮ್ಮಪ್ಪ ಈಗ್ತಾನೆ ಬಳ್ದವ್ರೆ, ಲಂಗ ಹಾಳಾಯ್ತದೆ."

ಸ್ವಲ್ಪ ಒಡಕು ಧ್ವನಿ. ಮಾತಿನ ತುದಿಯಲ್ಲಿ ನಗು ತಡೆದುಕೊಂಡ ಹಾಗೆ. ಹೌದು, ಹೀಗೆಯೇ ಇತ್ತು. ನಾನು ಒಂದು ಕೈಯಿಂದ ಬಾಯಿ ಮುಚ್ಚಿಕೊಂಡೆ. ಅಪ್ಪ ಬೆಂಚಿನ ಮೇಲೆ ಕೂತು ಅದರ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಮತ್ತೆ ಅವ್ವ. ಈ ಸಲ ಧ್ವನಿ ಇಳಿಸಿ, ಹಿಂದಕ್ಕೆ ತಿರುಗಿ ಯಾರಿಗೋ ಹೇಳುವ ಹಾಗೆ.

"ಜಸಿಂತನ್ ಅಪ್ಪಾ, ನೀವ್ ಮುಂದುಕ್ ಬನ್ನಿ. ನಾನು ಹಿಂದುಕ್ ನಿಂತ್ಕತೀನಿ. ಆ ಮಂಡೀಲಿ ಎಷ್ಟೊತ್ತು ಅಂತ ನಿಂತಿದ್ದೀರಿ?"

ಉತ್ತರವಿಲ್ಲ. ಕೆಮ್ಮು, ಚಪ್ಪಲಿ, ದೂರದಲ್ಲಿ ಕಾಗೆ. ನಾನು ಕಾಯುತ್ತಿದ್ದೆ, ಈಗಲಾದರೂ ಅಪ್ಪನ ಧ್ವನಿ ಬರುತ್ತದೆಂದು. ಬರಲಿಲ್ಲ. ಬದಲಿಗೆ ಅವ್ವನ ಕಿಸಕ್ಕನೆ ನಗು.

"ಆಯ್ತು ಬುಡಿ. ಹಬ್ಬ ಬತ್ತದಲ್ಲ, ಆಗ ಮಾತಾಡೀರಂತೆ."

ಆಮೇಲೆ ಪೆಟ್ಟಿಗೆಯ ಬಾಗಿಲು ಕಿರುಗುಟ್ಟಿತು. ಅವ್ವ ಒಳಗೆ ಹೋದಳು. ನಾನು ಯಂತ್ರ ನಿಲ್ಲಿಸಿದೆ.

ಅವಳಿಗೆ ಗೊತ್ತಿತ್ತು. ಅಪ್ಪ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹಬ್ಬದ ಲೆಕ್ಕ ಅವಳಿಗೆ ಮೊದಲಿಂದಲೂ ಗೊತ್ತಿತ್ತು.

ಅಪ್ಪ ಎದ್ದ. ಮಂಡಿ ಹಿಡಿದುಕೊಂಡು ನಿಧಾನಕ್ಕೆ ಬಂದು, ಪೆಟ್ಟಿಗೆಯ ಹೊರಗೆ ಆವತ್ತು ಸಾಲು ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ನಾವು ಅಲ್ಲಿದ್ದೇವೆಂಬುದೇ ಅವನಿಗೆ ಮರೆತಂತಿತ್ತು. ಹಲಗೆಗೆ ಮೊಣಕೈ ಊರಿ, ಮುಖ ಹತ್ತಿರ ತಂದು, ಇಷ್ಟು ವರ್ಷ ಬಾಕಿಯಿದ್ದ ಮಾತನ್ನು ಹೇಳಿದ.

"ಬ್ಯಾಡ ಕನಮ್ಮಿ ಫಿಲೋಮಿನ. ಮಂಡಿ ಏನೂ ನೋಯ್ತಾ ಇಲ್ಲ. ನೀನೇ ಮೊದ್ಲು ಹೋಗಿ ಬಾ."

ಸಂತಿಯಾಗು ಸ್ವಾಮಿಗಳು ನಿಂತಲ್ಲೇ ಕೈಯೆತ್ತಿ ಗಾಳಿಯಲ್ಲಿ ಶಿಲುಬೆಯ ಗುರುತು ಮಾಡಿದರು. ಅದು ಅಪ್ಪನಿಗೋ ಅವ್ವನಿಗೋ ನಾನು ಕೇಳಲಿಲ್ಲ.

ಮೈಸೂರಿಗೆ ವಾಪಸು ಬರುವಾಗ ಕಾರಿನಲ್ಲಿ ನೋಡಿದೆ. ಸ್ಪಿರಿಟ್ಟು ಹೊರಗಿನ ಹಲಗೆಗೂ ಇಳಿದು ಅರಗು ಹಸಿಯಾಗಿತ್ತೆಂದು ಕಾಣುತ್ತದೆ. ಅಪ್ಪನ ಬಿಳಿ ಅಂಗಿಯ ಮೊಣಕೈಗೆ ಕಂದು ಬಣ್ಣದ ಕಲೆ ಅಂಟಿತ್ತು. ಪಾಸ್ಕ ಹಬ್ಬದ ದಿನ ಪೂಜೆಗೂ ಅದೇ ಅಂಗಿ ಹಾಕಿಕೊಂಡು ಬಂದ. ಒಗೆಯಲು ಕೊಡು ಎಂದು ನಾನು ಕೇಳಲಿಲ್ಲ.